ಗುರುತು ಹಚ್ಚದೆ ಗುರುತಿಸುವ ಎಳೆ

ನಗರದ ಅಡಿಗೆಮನೆಯಲ್ಲಿ ದಿನ ಬೆಳಗಾದರೆ ತೊಗರಿಬೇಳೆ ಬೇಯುತ್ತದೆ. ಸಾರಾಗಲಿ, ಹುಳಿಯಾಗಲಿ, ತೊವ್ವೆಯಾಗಲಿ ಅದಿಲ್ಲದೆ ನಡೆಯದು. ಆದರೆ ಆ ಬೇಳೆ ಯಾವ ಊರಿನ ಹೊಲದಿಂದ ಬಂದಿತೆಂಬ ವಿಚಾರಣೆ ನಡೆಯುವುದು ಅಂಗಡಿಯವನು ಬೆಲೆ ಏರಿಸಿದ ದಿನ ಮಾತ್ರ. ಅಂದು ಪತ್ರಿಕೆಯಲ್ಲಿ ಕಲಬುರಗಿಯ ಹೆಸರು ಕಣ್ಣಿಗೆ ಬೀಳುತ್ತದೆ. ಮಳೆ ಹೋಯಿತೆಂದೋ ರೋಗ ಬಂದಿತೆಂದೋ ಸುದ್ದಿ ಇರುತ್ತದೆ. ಬೆಲೆ ಇಳಿದೊಡನೆಯೆ ಆ ಹೆಸರೂ ಮರೆಯಾಗುತ್ತದೆ.

ಕಲಬುರಗಿ ಜಿಲ್ಲೆಗೆ 'ತೊಗರಿಯ ಕಣಜ' ಎಂಬ ಬಿರುದು ಸುಮ್ಮನೆ ಬಂದುದಲ್ಲ. ಅಲ್ಲಿಯ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಜಿಲ್ಲೆಯ ಒಂದಂಚಿನಲ್ಲಿ, ತೆಲಂಗಾಣಕ್ಕೆ ಹೊಂದಿಕೊಂಡು ಚಿಂಚೋಳಿ ತಾಲೂಕು ಇದೆ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡವನ್ನು ಮಡಿಲಲ್ಲಿಟ್ಟುಕೊಂಡ ಸೇಡಂ ತಾಲೂಕು ಅದರ ನೆರೆ. ಈ ಚಿಂಚೋಳಿ ತಾಲೂಕಿಗೆ ಸೇರಿದ ಊರು ಐನಾಪುರ. ಸುತ್ತಲ ಸೀಮೆಯಂತೆಯೇ ಅಲ್ಲಿಯೂ ತೊಗರಿಯೆಂದರೆ ಕೇವಲ ಬೆಳೆಯಲ್ಲ; ವರ್ಷದ ಸಾಲ, ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ ಎಲ್ಲವೂ ಅದರ ಕಾಯಿಗೇ ಕಟ್ಟಿಕೊಂಡಿರುತ್ತವೆ.

ಈ ಕಾಯಿಗೆ ಒಬ್ಬ ಶತ್ರುವಿದ್ದಾನೆ. ಆ ಸೀಮೆಯವರು ಅವನ ಕಾಟವನ್ನು 'ನೆಟೆ ರೋಗ' ಎನ್ನುತ್ತಾರೆ. ಅದರ ಮೂಲ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಬ್ರಿಟಿಷ್ ಸಸ್ಯರೋಗತಜ್ಞ ಬಟ್ಲರ್ ಭಾರತದಲ್ಲಿ ಕೆಲಸ ಮಾಡುತ್ತಿದ್ದಾಗ ೧೯೧೦ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟನು. ಅದು ನೆಲದಲ್ಲಿ, ಹಳೆಯ ಕೂಳೆಗಳಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು. ಎಳೆಯ ಬೇರಿನ ಮೂಲಕ ಒಳಹೊಕ್ಕು ನೀರೆಳೆಯುವ ನಾಳಗಳಲ್ಲಿ ಮನೆ ಮಾಡುತ್ತದೆ. ಗಿಡಕ್ಕೆ ತಿಂಗಳು ತುಂಬುವಷ್ಟರಲ್ಲಿಯೇ ಈ ಪ್ರವೇಶ ನಡೆದಿರಬಹುದು. ಆದರೆ ಗಿಡ ಬಾಡುವುದು ಸಾಮಾನ್ಯವಾಗಿ ಹೂವು ಬಿಟ್ಟ ಮೇಲೆ, ಕಾಯಿ ಕಟ್ಟುವ ಹೊತ್ತಿಗೆ. ಕಾಂಡದ ಮೇಲೆ ಬುಡದಿಂದ ಏರುವ ನೇರಿಳೆ ಪಟ್ಟೆ ಕಾಣಿಸಿಕೊಂಡು, ಸೀಳಿ ನೋಡಿದಾಗ ಒಳಗೆ ಕಪ್ಪು ಗೆರೆಗಳು ಕಂಡರೆ ರೋಗ ನಿಶ್ಚಯವಾಯಿತು, ಬೆಳೆಯೂ ಕೈಬಿಟ್ಟಿತು. ೨೦೨೨ರ ಮುಂಗಾರು ಬೆಳೆಗೆ ಈ ರೋಗ ಕಲಬುರಗಿ ಜಿಲ್ಲೆಯಲ್ಲಿ ವ್ಯಾಪಕವಾಗಿ ತಗುಲಿದಾಗ ಸರಕಾರವು ಪರಿಹಾರವನ್ನೇ ಘೋಷಿಸಬೇಕಾಯಿತು.

ಇಲ್ಲಿ ಇನ್ನೂ ಒಂದು ತೊಡಕುಂಟು. ನೀರು ಸಾಲದ ಗಿಡವೂ ಬಾಡುತ್ತದೆ. ನೀರು ನಿಂತ ಹೊಲದ ಗಿಡವೂ ಬಾಡುತ್ತದೆ. ಬೇರು ಕೊಳೆಯಿಸುವ ಬೇರೆ ಶಿಲೀಂಧ್ರಗಳು ಹೊಕ್ಕರೂ ಬಾಡುತ್ತದೆ. ಮೇಲಿನ ಲಕ್ಷಣ ಒಂದೇ, ಒಳಗಿನ ಕಾರಣ ಬೇರೆ ಬೇರೆ. ಒಂದಕ್ಕೆ ನೀರು ಹಾಯಿಸಬೇಕು, ಇನ್ನೊಂದಕ್ಕೆ ನೀರು ಬಸಿಯಬೇಕು, ಮತ್ತೊಂದಕ್ಕೆ ಮುಂದಿನ ವರ್ಷ ಬೆಳೆಯನ್ನೇ ಬದಲಿಸಬೇಕು. ಕಣ್ಣಿಗೆ ಕಾಣುವ ಮೊದಲೇ, ಸಾಧ್ಯವಾದರೆ ಬೀಜ ಬಿತ್ತುವ ಮೊದಲೇ, "ನೆಲದಲ್ಲಿ ಯಾರಿದ್ದೀರಿ?" ಎಂದು ಕೇಳಿ ಉತ್ತರ ಪಡೆಯುವಂತಿದ್ದರೆ? ದೂರದ ದೇಶಗಳ ರಸಾಯನಶಾಲೆಗಳಲ್ಲಿ ಕಳೆದ ಮೂರು ದಶಕಗಳಿಂದ ನಡೆದಿರುವ ಒಂದು ಶೋಧನೆ ಈ ಪ್ರಶ್ನೆಗೆ ಬಹಳ ಹತ್ತಿರ ಬರುತ್ತದೆ.

ಯಾವ ಜೀವಿಯೇ ಆಗಲಿ, ತನ್ನ ಹೆಸರನ್ನು ತನ್ನ ಕಣಕಣದಲ್ಲಿಯೂ ಬರೆದುಕೊಂಡೇ ಹುಟ್ಟುತ್ತದೆ. ಆ ಬರಹವೇ ಡಿ.ಎನ್.ಎ. ರೋಸಲಿಂಡ್ ಫ್ರಾಂಕ್ಲಿನ್ ಮೊದಲಾದವರು ತೆಗೆದ ಕ್ಷಕಿರಣ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ ೧೯೫೩ರಲ್ಲಿ ಅದರ ರಚನೆಯನ್ನು ತಿಳಿಸಿದರು. ಎರಡು ಎಳೆಗಳು ಹುರಿಗೊಂಡ ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆ. ಆ ಹುರಿಯ ದಪ್ಪ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು. ಬರಹಕ್ಕೆ ಬಳಸಿರುವ ಅಕ್ಷರಗಳು ನಾಲ್ಕೇ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಒಂದು ಎಳೆಯಲ್ಲಿ ಅಡೆನಿನ್ ಇದ್ದೆಡೆ ಎದುರಿನ ಎಳೆಯಲ್ಲಿ ಥೈಮಿನ್; ಗ್ವಾನಿನ್ ಇದ್ದೆಡೆ ಸೈಟೊಸಿನ್. ಈ ಜೋಡಿಗಳು ತಪ್ಪುವುದಿಲ್ಲ. ಆದುದರಿಂದ ಒಂದು ಎಳೆಯ ಅಕ್ಷರಗಳು ಗೊತ್ತಾದರೆ ಅದಕ್ಕೆ ಜೊತೆಯಾಗುವ ಎಳೆ ಯಾವುದೆಂದು ಕಾಗದದ ಮೇಲೆಯೇ ಬರೆಯಬಹುದು. ರಸಾಯನಶಾಲೆಯಲ್ಲಿ ಅದನ್ನು ತಯಾರಿಸಲೂಬಹುದು.

ಹೀಗೆ ತಯಾರಿಸಿದ ಚಿಕ್ಕ ಎಳೆಯನ್ನು 'ಶೋಧಕ ಎಳೆ' ಎನ್ನೋಣ. ಇಪ್ಪತ್ತು ಅಕ್ಷರಗಳಿದ್ದರೆ ಸಾಕು. ನಾಲ್ಕು ಅಕ್ಷರಗಳಿಂದ ಇಪ್ಪತ್ತಕ್ಷರದ ಪದಗಳನ್ನು ಎಷ್ಟು ಬಗೆಯಾಗಿ ಕಟ್ಟಬಹುದೆಂದು ಲೆಕ್ಕ ಹಾಕಿದರೆ ಒಂದು ಲಕ್ಷದ ಒಂಬತ್ತು ಸಾವಿರ ಕೋಟಿಗೂ ಮಿಗಿಲಾಗುತ್ತದೆ. ಒಂದು ಶಿಲೀಂಧ್ರದ ಬರಹದಲ್ಲಿರುವ ವಿಶಿಷ್ಟವಾದ ಇಪ್ಪತ್ತಕ್ಷರಗಳು ಬೇರೊಂದರಲ್ಲಿ ಆಕಸ್ಮಿಕವಾಗಿ ಮರುಕಳಿಸುವ ಸಂಭವ ಅತ್ಯಲ್ಪ. ಶೋಧಕ ಎಳೆಗೆ ತನ್ನ ಜೊತೆ ಸಿಕ್ಕಿತೆಂದರೆ ಆ ಜೀವಿ ಅಲ್ಲಿದೆಯೆಂದೇ ಅರ್ಥ.

ಆದರೆ ಸಿಕ್ಕಿತೆಂಬುದನ್ನು ತಿಳಿಯುವುದು ಹೇಗೆ? ಎರಡು ಎಳೆಗಳು ಕೂಡಿಕೊಂಡರೆ ಸದ್ದಾಗುವುದಿಲ್ಲ, ಹೊಗೆಯೇಳುವುದಿಲ್ಲ. ನೀರು ನೀರಾಗಿಯೇ ಕಾಣುತ್ತದೆ. ಈ ಮೌನವನ್ನು ಮುರಿಯಲು ವಿಜ್ಞಾನಿಗಳು ಹಿಡಿದ ಮೊದಲ ಉಪಾಯ ಅಗಸನ ಉಪಾಯ. ಹತ್ತು ಮನೆಯ ಬಿಳಿಯ ಪಂಚೆಗಳು ಒಂದೇ ಹಂಡೆಯಲ್ಲಿ ಬೆಂದಾಗ ಯಾವುದು ಯಾರದೆಂದು ತಿಳಿಯಲು ಅಗಸನು ಮೂಲೆಯಲ್ಲಿ ಅಳಿಯದ ಮಸಿಯಿಂದ ಗುರುತು ಹಚ್ಚುತ್ತಾನಷ್ಟೆ. ಹಾಗೆಯೇ ಶೋಧಕ ಎಳೆಯ ತುದಿಗೆ ಒಂದು ಗುರುತನ್ನು ಹಚ್ಚುವುದು. ೧೯೭೫ರಲ್ಲಿ ಎಡ್ವಿನ್ ಸದರ್ನ್ ಪ್ರಕಟಿಸಿದ ಹೆಸರಾಂತ ವಿಧಾನದಲ್ಲಿ ಆ ಗುರುತು ವಿಕಿರಣಶೀಲ ವಸ್ತುವಾಗಿತ್ತು. ಅನಂತರ ಬೆಳಕು ಸೂಸುವ ಬಣ್ಣದ ಅಣುಗಳು ಬಂದುವು. ಇಂದು ಜಗತ್ತಿನಲ್ಲಿ ನಡೆಯುವ ಡಿ.ಎನ್.ಎ. ಪರೀಕ್ಷೆಗಳಲ್ಲಿ ಬಹುಪಾಲು ಈ ಗುರುತಿನ ಬಲದಿಂದಲೇ ನಡೆಯುತ್ತವೆ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ಹೆಮ್ಮೆಪಡುವಂಥ ನಿದರ್ಶನವಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು, ಗೋವೆಯ ಮೋಲ್‌ಬಯೊ ಸಂಸ್ಥೆಯ ಮೂಲಕ ಹೊರಬಂದ 'ಟ್ರೂನ್ಯಾಟ್' ಎಂಬ ಯಂತ್ರ ಕ್ಷಯರೋಗಿಯ ಕಫದಲ್ಲಿ ರೋಗಾಣುವಿನ ಡಿ.ಎನ್.ಎ.ಯನ್ನು ಹುಡುಕುತ್ತದೆ. ಅದು ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರ. ಹಳ್ಳಿಯ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂಡುತ್ತದೆ. ಕೇರಿ ಮಲ್ಲಿಸ್ ೧೯೮೩ರಲ್ಲಿ ಕಂಡುಹಿಡಿದ ವಿಧಾನದಂತೆ ಡಿ.ಎನ್.ಎ. ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸಿ, ಬಣ್ಣದ ಗುರುತಿನಿಂದ ಅದನ್ನು ತೋರಿಸುತ್ತದೆ. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯದ ಮೊದಲ ಪರೀಕ್ಷೆಗೆ ಇದನ್ನು ಶಿಫಾರಸು ಮಾಡಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಇದು ಒದಗಿತು.

ಹಾಗಾದರೆ ಗುರುತನ್ನು ಬಿಡಬೇಕೆಂಬ ಹಟವೇಕೆ? ಗುರುತು ಹಚ್ಚುವುದು ಪ್ರತಿಯೊಂದು ರೋಗಕ್ಕೂ ಹೊಸದಾಗಿ ಮಾಡಬೇಕಾದ ಕೆಲಸ. ಕ್ಷಯದ ಶೋಧಕ ಎಳೆಗೆ ಹಚ್ಚಿದ ಬಣ್ಣ ತೊಗರಿಯ ಶಿಲೀಂಧ್ರಕ್ಕೆ ಉಪಯೋಗವಿಲ್ಲ. ಅದಕ್ಕೆ ಬೇರೆ ಎಳೆ, ಬೇರೆ ಬಣ್ಣ ಕಟ್ಟುವಿಕೆ, ಬೇರೆ ಶುದ್ಧೀಕರಣ ಬೇಕು. ಲಕ್ಷಾಂತರ ರೋಗಿಗಳಿರುವ ಕ್ಷಯಕ್ಕೆ ಈ ಖರ್ಚು ಸಲ್ಲುತ್ತದೆ, ಸಲ್ಲಲೇಬೇಕು. ಆದರೆ ಐನಾಪುರದ ಮೂರೆಕರೆಯ ಒಡೆಯನಿಗಾಗಿ, ಒಂದು ಜಿಲ್ಲೆಯ ಒಂದು ಬೆಳೆಯ ಒಂದು ರೋಗಕ್ಕಾಗಿ ಯಾರು ಬಣ್ಣ ಕಟ್ಟುತ್ತಾರೆ? ಗುರುತಿನ ಖರ್ಚೇ ಬಡವರ ರೋಗಗಳನ್ನೂ ಬಡವರ ಬೆಳೆಗಳನ್ನೂ ಪರೀಕ್ಷೆಯ ಪಟ್ಟಿಯಿಂದ ಹೊರಗಿಡುತ್ತದೆ. ಗುರುತಿಲ್ಲದ ಬರಿಯ ಎಳೆಯಾದರೋ ಅಗ್ಗ; ಅಕ್ಷರಗಳನ್ನು ಬರೆದುಕೊಟ್ಟರೆ ತಯಾರಿಸಿ ಕಳುಹಿಸುವ ಸಂಸ್ಥೆಗಳಿವೆ. ಬರಿಯ ಎಳೆಯ ಕೂಡಿಕೆಯನ್ನೇ ಕಣ್ಣಿಗೆ ಕಾಣಿಸುವ ಸಾಕ್ಷಿಯೊಂದು ಬೇಕು; ಆ ಸಾಕ್ಷಿ ಎಲ್ಲ ರೋಗಗಳಿಗೂ ಒಂದೇ ಆಗಿರಬೇಕು.

ಅಗಸನಿಗೆ ಗುರುತು ಬೇಕು, ಮನೆಯೊಡತಿಗೆ ಬೇಡ. ಹತ್ತು ಸೀರೆಗಳ ನಡುವೆ ತನ್ನ ಸೀರೆಯನ್ನು ಅವಳು ಮುಟ್ಟಿಯೇ ಹೇಳಬಲ್ಲಳು. ಅಂಥ ಸ್ಪರ್ಶಜ್ಞಾನವುಳ್ಳ ವಸ್ತು ಪಾಲಿಮರ್‌ಗಳ ಕುಲದಲ್ಲಿ ದೊರೆಯಿತು.

ಪಾಲಿಮರ್ ಎಂದರೆ ಒಂದೇ ಬಗೆಯ ಚಿಕ್ಕ ಅಣುಗಳನ್ನು ಮಣಿಗಳಂತೆ ಪೋಣಿಸಿದ ಉದ್ದನೆಯ ಸರ. ಮನೆಯ ಬಕೆಟ್ಟು, ಬಾಚಣಿಗೆ, ನೈಲಾನ್ ಹಗ್ಗ ಎಲ್ಲವೂ ಪಾಲಿಮರ್‌ಗಳೇ. ಇವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ; ಆದುದರಿಂದಲೇ ತಂತಿಯ ಮೇಲೆ ಹೊದಿಕೆಯಾಗಿ ಕೂಡುತ್ತವೆ. ಈ ನಂಬಿಕೆ ಬುಡಮೇಲಾದುದು ಒಂದು ಕೈತಪ್ಪಿನಿಂದ. ೧೯೬೭ರಲ್ಲಿ ಜಪಾನಿನ ಶಿರಾಕಾವಾ ಅವರ ಪ್ರಯೋಗಶಾಲೆಯಲ್ಲಿ ಪಾಲಿಅಸಿಟಿಲೀನ್ ತಯಾರಿಸುವಾಗ ವೇಗವರ್ಧಕವು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಬಿದ್ದಿತು. ಪುಡಿಯಾಗಬೇಕಾದುದು ಬೆಳ್ಳಿಯ ಹೊಳಪಿನ ಹಾಳೆಯಾಯಿತು. ಹತ್ತು ವರ್ಷಗಳ ಮೇಲೆ, ೧೯೭೭ರಲ್ಲಿ, ಶಿರಾಕಾವಾ ಅವರೂ ಅಮೆರಿಕದ ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಅವರೂ ಕೂಡಿ ಅಂಥ ಹಾಳೆಗೆ ಅಯೊಡಿನ್ ಸೋಕಿಸಿದಾಗ ಅದು ಲೋಹದಂತೆ ವಿದ್ಯುತ್ತನ್ನು ಹರಿಸತೊಡಗಿತೆಂದು ಪ್ರಕಟಿಸಿದರು. ಮೂವರಿಗೂ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಹೊಸ ಪಾಲಿಮರ್‌ಗಳ ಗುಟ್ಟು ಅವುಗಳ ಬೆನ್ನೆಲುಬಿನಲ್ಲಿದೆ. ಅಲ್ಲಿ ಇಂಗಾಲದ ಬಂಧಗಳು ಒಂದು ಒಂಟಿ, ಒಂದು ಜೋಡಿ ಎಂಬಂತೆ ಸರದಿಯಾಗಿ ಬರುತ್ತವೆ. ಸರ ನೆಟ್ಟಗೆ ಚಪ್ಪಟೆಯಾಗಿದ್ದರೆ ಎಲೆಕ್ಟ್ರಾನುಗಳು ಬಹುದೂರ ಹರಡಿಕೊಳ್ಳುತ್ತವೆ. ಸರ ತಿರುಚಿಕೊಂಡರೆ ದಾರಿ ಮೊಟಕಾಗುತ್ತದೆ. ದಾರಿಯ ಉದ್ದ ಬದಲಾದರೆ ಅದು ಹೀರುವ ಬೆಳಕೂ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಎಂದರೆ ಈ ಸರದ ಮೈ ಹೇಗೆ ಬಾಗಿದೆಯೆಂಬುದನ್ನು ಅದರ ಬಣ್ಣವೇ ಹೇಳುತ್ತದೆ.

ಕೆನಡಾ ದೇಶದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಮಾರಿಯೊ ಲೆಕ್ಲೆರ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗ ಈ ಗುಣವನ್ನೇ ಹಿಡಿಯಿತು. ನಾಲ್ಕು ಇಂಗಾಲ, ಒಂದು ಗಂಧಕದ ಪರಮಾಣುಗಳು ಕೂಡಿದ ಥಯೊಫೀನ್ ಎಂಬ ಉಂಗುರಗಳನ್ನು ಪೋಣಿಸಿ ಅವರು ಪಾಲಿಥಯೊಫೀನ್ ಸರವನ್ನು ಮಾಡಿದರು. ನೀರಿನಲ್ಲಿ ಕರಗುವಂತೆ ಅದಕ್ಕೆ ಧನವಿದ್ಯುತ್ತಿನ ಕೊಂಬೆಗಳನ್ನು ಕಟ್ಟಿದರು. ಡಿ.ಎನ್.ಎ. ಎಳೆಯ ಮೈಯೆಲ್ಲ ಋಣವಿದ್ಯುತ್ತು. ಆದುದರಿಂದ ಎರಡೂ ಒಂದನ್ನೊಂದು ಸೆಳೆಯುತ್ತವೆ. ಅಂಟಿಸುವ ಗೊಡವೆಯೇ ಇಲ್ಲ.

ಇನ್ನು ಬಣ್ಣದ ಆಟ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ತಟ್ಟೆಯಲ್ಲಿ ಅದು ಕೆಂಪಾಗುವುದನ್ನೂ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುವುದನ್ನೂ ಗೃಹಿಣಿಯರು ಬಲ್ಲರು. ಲಾವಾಲ್‌ನ ಪರೀಕ್ಷಾನಳಿಗೆಯಲ್ಲಿ ಕಂಡುದೂ ಇದೇ ಕ್ರಮ. ಬರಿಯ ಪಾಲಿಮರಿನ ದ್ರಾವಣ ಹಳದಿ. ಸರ ಅಂಕುಡೊಂಕಾಗಿರುವುದರಿಂದ ಅದು ೩೯೭ ನ್ಯಾನೋಮೀಟರಿನ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಶೋಧಕ ಎಳೆಯನ್ನು ಹಾಕಿದೊಡನೆ ಸರವು ಅದಕ್ಕೆ ಒತ್ತಿಕೊಂಡು ಚಪ್ಪಟೆಯಾಯಿತು. ಹೀರುವಿಕೆ ೫೨೭ ನ್ಯಾನೋಮೀಟರಿಗೆ ಸರಿದು ದ್ರಾವಣ ಕೆಂಪಾಯಿತು. ಅನಂತರ ಸರಿಯಾದ ಜೊತೆಯೆಳೆಯನ್ನು ಹಾಕಿದರು. ಎರಡು ಡಿ.ಎನ್.ಎ. ಎಳೆಗಳು ಹುರಿಗೊಂಡುವು, ಪಾಲಿಮರ್ ಸರ ಜಡೆಕೋಲಾಟದ ಮೂರನೆಯ ಎಳೆಯಂತೆ ಅವುಗಳನ್ನು ಸುತ್ತಿಕೊಂಡು ತಿರುಚಿತು. ದ್ರಾವಣ ಮತ್ತೆ ಹಳದಿಯಾಯಿತು. ಐವತ್ತೈದು ಡಿಗ್ರಿ ಶಾಖದಲ್ಲಿ ಇದಕ್ಕೆ ಹಿಡಿದ ಕಾಲ ಸುಮಾರು ಐದು ನಿಮಿಷ. ಅರಿಸಿನದಲ್ಲಿ ಅಣುವಿನ ರಸಾಯನವೇ ಬದಲಾಗುತ್ತದೆ. ಇಲ್ಲಿ ಬದಲಾದುದು ಸರದ ಭಂಗಿ ಮಾತ್ರ. ಯಾವ ಎಳೆಗೂ ಯಾವ ಗುರುತನ್ನೂ ಹಚ್ಚಿರಲಿಲ್ಲ.

ಆ ಪ್ರಯೋಗಕ್ಕೆ ಆರಿಸಿಕೊಂಡ ಇಪ್ಪತ್ತಕ್ಷರಗಳು ಸಹ ಒಂದು ಶಿಲೀಂಧ್ರದವೇ ಎಂಬುದು ಗಮನಾರ್ಹ. ಅದು ಮನುಷ್ಯರಿಗೆ ಸೋಂಕು ತರುವ ಕ್ಯಾಂಡಿಡ. ಅದರ ದಾಯಾದಿ ಜಾತಿಯೊಂದರಲ್ಲಿ ಅದೇ ಸ್ಥಳದ ಇಪ್ಪತ್ತರಲ್ಲಿ ಎರಡೇ ಅಕ್ಷರಗಳು ಬೇರೆ. ಆ ಎಳೆಯನ್ನು ಹಾಕಿದಾಗ ದ್ರಾವಣ ಹಳದಿಗೆ ತಿರುಗಲಿಲ್ಲ. ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಕಾಣದ ದಾಯಾದಿ ಭೇದ ಬರಿಗಣ್ಣಿಗೆ ಕೆಂಪು ಹಳದಿಯಾಗಿ ಕಂಡಿತು. ಹಳದಿಯ ಸ್ಥಿತಿಯಲ್ಲಿ ಪಾಲಿಮರ್ ಬೆಳಕನ್ನೂ ಸೂಸುವುದರಿಂದ, ಆ ಬೆಳಕನ್ನು ಅಳೆಯುವ ಉಪಕರಣ ಬಳಸಿ ಅದೇ ತಂಡದವರು ೨೦೦೪ರ ಹೊತ್ತಿಗೆ ಜೆಪ್ಟೋಮೋಲ್ ಮಟ್ಟವನ್ನು ಮುಟ್ಟಿದರು. ಒಂದು ಜೆಪ್ಟೋಮೋಲ್ ಎಂದರೆ ಸುಮಾರು ಆರುನೂರು ಅಣುಗಳು.

ಬಣ್ಣಕ್ಕೆ ಬದಲಾಗಿ ವಿದ್ಯುತ್ತನ್ನೇ ಸಾಕ್ಷಿಯಾಗಿ ಕರೆದವರೂ ಉಂಟು. ಫ್ರಾನ್ಸಿನಲ್ಲಿ ಫ್ರಾನ್ಸಿಸ್ ಗಾರ್ನಿಯೆ ಮತ್ತು ಸಹೋದ್ಯೋಗಿಗಳು ೧೯೯೭ರಲ್ಲಿಯೇ ಪಾಲಿಪಿರೋಲ್ ಎಂಬ ಪಾಲಿಮರಿನ ತೆಳುಪೊರೆಗೆ ಶೋಧಕ ಎಳೆಗಳನ್ನು ನೆಟ್ಟು ನೋಡಿದ್ದರು. ಜೊತೆಯೆಳೆ ಬಂದು ಕೂಡಿದಾಗ ಪೊರೆಯ ವಿದ್ಯುತ್ ವರ್ತನೆ ಬದಲಾಗಿ, ಮಾಪಕದಲ್ಲಿ ಅದು ಕಂಡುಬಂದಿತು. ಇಲ್ಲಿ ಸಹ ಬಂದ ಅತಿಥಿಗೆ ಗುರುತಿನ ಚೀಟಿ ಇರಲಿಲ್ಲ. ಬಾಗಿಲೇ ಅತಿಥಿಯನ್ನು ಅರಿಯಿತು.

ಇಷ್ಟು ಸುಲಭವಾದರೆ ಈ ಹಳದಿ ನೀರಿನ ಸೀಸೆ ಇನ್ನೂ ಪ್ರತಿಯೊಂದು ರೈತ ಸಂಪರ್ಕ ಕೇಂದ್ರದ ಕಪಾಟಿನಲ್ಲಿ ಏಕಿಲ್ಲ? ಪಾಲಿಮರಿನ ಗುಣವೇ ಅದರ ದೋಷವೂ ಆಗಿದೆ. ಧನವಿದ್ಯುತ್ತುಳ್ಳ ಸರ ಋಣವಿದ್ಯುತ್ತುಳ್ಳ ಯಾವುದಕ್ಕಾದರೂ ಒಲಿಯುತ್ತದೆ, ಅದು ಡಿ.ಎನ್.ಎ.ಯೇ ಆಗಬೇಕೆಂದಿಲ್ಲ. ಶುದ್ಧವಾದ ನಳಿಗೆಯಲ್ಲಿ ಪತಿವ್ರತೆಯಂತಿರುವ ವಸ್ತು ರಕ್ತದಲ್ಲಿ, ಕಫದಲ್ಲಿ, ಸಸ್ಯರಸದಲ್ಲಿ ಹಾದಿ ತಪ್ಪುತ್ತದೆ. ಹೊಲದ ಮಣ್ಣಿನಲ್ಲಿಯಂತೂ ಹ್ಯೂಮಿಕ್ ಆಮ್ಲಗಳೆಂಬ ಕಂದು ವಸ್ತುಗಳಿವೆ. ಅವುಗಳ ಮೈಯೂ ಋಣವಿದ್ಯುತ್ತೇ. ಗೊಬ್ಬರ ತಿಂದು ಕೊಬ್ಬಿದ ಮಣ್ಣಿನಲ್ಲಿ ಅವು ಹೆಚ್ಚು. ಆದುದರಿಂದ ಮಣ್ಣಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ ತೊಳೆಯುವ ಕೆಲಸ ತಪ್ಪುವುದಿಲ್ಲ. ದ್ರಾವಣದ ಉಪ್ಪು, ಶಾಖ ಇವು ಹೆಚ್ಚು ಕಡಮೆಯಾದರೂ ಬಣ್ಣ ಸುಳ್ಳು ಹೇಳಬಹುದು. ಚಿಟಿಕೆ ಮಣ್ಣಿನಲ್ಲಿ ಶಿಲೀಂಧ್ರ ಅತ್ಯಲ್ಪವಾಗಿದ್ದರೆ ನಕಲು ಮಾಡಿ ಹೆಚ್ಚಿಸುವ ಹಂತವೂ ನಡುವೆ ಬೇಕಾಗುತ್ತದೆ. ಗುರುತಿನ ಖರ್ಚು ತಪ್ಪಿತು. ತೊಳೆಯುವ ಖರ್ಚು ಉಳಿಯಿತು. ಮುಂದಿನ ಕೆಲಸ ನಡೆಯಬೇಕಾದುದು ಅಲ್ಲಿಯೇ.

ಆ ಕೆಲಸಕ್ಕೆ ಬೇಕಾದ ಕೈಗಳು ನಾಡಿನಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಗೋವಿಂದರಾಜು ಅವರ ತಂಡ, ಕೋವಿಡ್ ಹಾವಳಿಯ ವರ್ಷಗಳಲ್ಲಿ ಇದೇ ನೀತಿಯ ಇನ್ನೊಂದು ಮಾರ್ಗವನ್ನು ತೋರಿಸಿತು. ಅಲ್ಲಿ ಪಾಲಿಮರ್ ಇಲ್ಲ. ವೈರಸ್ಸಿನ ಬರಹದ ಒಂದು ಭಾಗದಿಂದ ಪಡೆದ ಡಿ.ಎನ್.ಎ. ನಾಲ್ಕೆಳೆಯ ವಿಶೇಷ ಗಂಟಾಗಿ ಮಡಿಸಿಕೊಂಡಾಗ, ಬೆಳಕಿಲ್ಲದೆ ಬಿಡಿಯಾಗಿ ತೇಲುತ್ತಿರುವ ಚಿಕ್ಕದೊಂದು ಅಣು ಆ ಗಂಟನ್ನು ಅಪ್ಪಿ ಬೆಳಗುತ್ತದೆ. ಇತ್ತ ಚಿಂಚೋಳಿ ಸೀಮೆಗೆ ನೆರೆಯಾದ ತೆಲಂಗಾಣದ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆ ಇದೆ. ಆ ಸಂಸ್ಥೆಯ ಮುಂದಾಳುತನದಲ್ಲಿ ತೊಗರಿಯ ಸಮಗ್ರ ಡಿ.ಎನ್.ಎ. ಬರಹವನ್ನು ಓದಿ ೨೦೧೧ರಲ್ಲಿ ಪ್ರಕಟಿಸಲಾಯಿತು. ಓದಿದುದು 'ಆಶಾ' ಎಂಬ ತಳಿಯನ್ನು. ಎಣಿಸಿದ ಜೀನುಗಳು ೪೮,೬೮೦. ಬೇಳೆಯ ಬರಹವನ್ನು ಓದಬಲ್ಲವರಿಗೆ ಅದರ ಶತ್ರುವಿನ ಇಪ್ಪತ್ತಕ್ಷರಗಳನ್ನು ಆರಿಸುವುದು ಕಷ್ಟವಲ್ಲ. ಪಾಲಿಮರಿನ ಮಾರ್ಗ ಪಕ್ವವಾದರೆ ಬದಲಿಸಬೇಕಾದುದು ಆ ಅಗ್ಗದ ಎಳೆಯೊಂದನ್ನೇ; ಹಳದಿ ಕೆಂಪಿನ ಸಾಕ್ಷಿ ಕ್ಯಾಂಡಿಡಕ್ಕೂ ಕ್ಷಯಕ್ಕೂ ನೆಟೆ ರೋಗಕ್ಕೂ ಒಂದೇ.

ಅಲ್ಲಿಯವರೆಗೆ ರೈತನು ಕೈಕಟ್ಟಿ ಕೂಡಬೇಕಾಗಿಲ್ಲ. ನೆಟೆ ರೋಗವನ್ನು ತಾಳಿಕೊಳ್ಳುವ 'ಮಾರುತಿ' ಎಂಬ ತೊಗರಿ ೧೯೮೬ರಲ್ಲಿಯೇ ಕರ್ನಾಟಕದಲ್ಲಿ ಬಿಡುಗಡೆಯಾಗಿ ಉತ್ತರದ ಜಿಲ್ಲೆಗಳಲ್ಲಿ ಬೇರೂರಿತು. ತೊಗರಿಯ ಜೊತೆಗೆ ಜೋಳವನ್ನು ಸಾಲುಬೆಳೆಯಾಗಿ ಹಾಕಿದರೆ ರೋಗ ತಗ್ಗುತ್ತದೆ. ಒಂದೆರಡು ವರ್ಷ ತೊಗರಿಯನ್ನು ಬಿಟ್ಟು ಬೇರೆ ಬೆಳೆ ತೆಗೆದರೂ ತಗ್ಗುತ್ತದೆ. ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೀಜಕ್ಕೆ ಲೇಪಿಸುವ ಪದ್ಧತಿಯೂ ಇದೆ. ಆದರೆ ಈ ಉಪಾಯಗಳೆಲ್ಲವೂ ಬಿತ್ತನೆಗೆ ಮೊದಲು ನಿಶ್ಚಯವಾಗಬೇಕಾದುವು. ಒಂದು ವರ್ಷ ತೊಗರಿಯನ್ನು ಬಿಡೆಂದು ಹೇಳುವುದು ಸುಲಭ. ಅದನ್ನೇ ನಂಬಿದ ಮನೆಗೆ ಆ ಮಾತು ಸಣ್ಣದಲ್ಲ. ತನ್ನ ಹೊಲದಲ್ಲಿ ರೋಗ ನಿಜವಾಗಿಯೂ ಇದೆಯೆಂದು ಕಣ್ಣಾರೆ ಕಂಡವನು ಬಿಟ್ಟಾನು. ಇಲ್ಲವೆಂದು ತಿಳಿದವನು ನಿಶ್ಚಿಂತೆಯಿಂದ ಬಿತ್ತಿಯಾನು. ಇಂದು ಇಬ್ಬರೂ ಊಹೆಯ ಮೇಲೆಯೇ ಕೂರಿಗೆ ಹೂಡುತ್ತಾರೆ.

ಮುಂಗಾರಿನ ಮೊದಲ ಹದ ಜೂನಿನಲ್ಲಿ ಬೀಳುತ್ತದೆ. ಗಿಡ ಬಾಡಿ ರೋಗ ತಾನೇ ಹೆಸರು ಹೇಳುವುದು ನವೆಂಬರಿನ ಸುಮಾರಿಗೆ. ನಡುವಿನ ಐದು ತಿಂಗಳಲ್ಲಿ ರೈತನು ಬೀಜಕ್ಕೆ, ಗೊಬ್ಬರಕ್ಕೆ, ಕಳೆಗೆ, ಔಷಧಕ್ಕೆ ಹಣ ಸುರಿಯುತ್ತಲೇ ಇರುತ್ತಾನೆ. ಪರೀಕ್ಷಾನಳಿಗೆಯಲ್ಲಿ ಐದು ನಿಮಿಷದಲ್ಲಿ ಬಣ್ಣ ತಿರುಗಿದುದರ ಬೆಲೆಯನ್ನು ಈ ಐದು ತಿಂಗಳ ಲೆಕ್ಕದಲ್ಲಿ ಕಾಣಬೇಕು.